‘ಸಾಧ್ಯವಾದಷ್ಟು’ ಎಂದರೆ ಎಷ್ಟು ಅಡಿ?

ನಾರ್ತ್ ಕ್ಯಾರೊಲೈನಾದ ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಆ ಬೋರ್ಡು ಹೊಸದಲ್ಲ. ಮನೆ ಹಿಂದಿನ ಪೈನ್ ಮರಗಳ ಜಾಗದಲ್ಲಿ ಒಂದು ದಿನ ರಿಝೋನಿಂಗ್ (ಭೂಬಳಕೆಯ ನಿಯಮ ಬದಲಿಸುವ ಅರ್ಜಿ) ಫಲಕ ನೆಟ್ಟಿರುತ್ತಾರೆ. ವಾಟ್ಸಾಪ್ ಗುಂಪು ಹೊತ್ತಿಕೊಳ್ಳುತ್ತದೆ. ಡೆವಲಪರ್ ಕರೆದ ಸಭೆಯಲ್ಲಿ ಟೌನ್‌ಹೋಮ್‌ಗಳ (ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳ) ಬಣ್ಣದ ಚಿತ್ರ: ಇಟ್ಟಿಗೆಯ ಮುಂಭಾಗ, ಸಾಲು ಮರ, ನಾಯಿ ಹಿಡಿದು ನಡೆಯುವ ದಂಪತಿ. ಅರ್ಧ ಜನ ಅಲ್ಲೇ ಕರಗುತ್ತಾರೆ. ಉಳಿದವರು ಕಿಟಕಿಯ ಬಣ್ಣದ ಮೇಲೆ ಜಗಳಕ್ಕೆ ನಿಲ್ಲುತ್ತಾರೆ. ಚಿತ್ರದ ಪಕ್ಕದಲ್ಲೇ ಇರುವ ಷರತ್ತುಗಳ ಹಾಳೆಯನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಟೌನ್ ಕೌನ್ಸಿಲ್ ಮತ ಹಾಕುವುದು ಚಿತ್ರಕ್ಕಲ್ಲ, ಡೆವಲಪರ್‌ಗೂ ಅಲ್ಲ, ಆ ನೆಲದ ಝೋನಿಂಗ್‌ಗೆ, ಅಂದರೆ ಅಲ್ಲಿ ಏನು, ಎಷ್ಟು ಕಟ್ಟಬಹುದು ಎಂಬ ನಿಯಮಕ್ಕೆ. ಜಾಗ ನಾಳೆ ಬೇರೊಬ್ಬರಿಗೆ ಮಾರಾಟವಾದರೂ ಝೋನಿಂಗ್ ನೆಲಕ್ಕೇ ಅಂಟಿಕೊಂಡಿರುತ್ತದೆ. (ಊರಿನ ಡಿಸಿ ಕನ್ವರ್ಷನ್ ನೆನೆದು ಗೊಂದಲ ಮಾಡಿಕೊಳ್ಳಬೇಡಿ, ಅದು ಕಂದಾಯ ಇಲಾಖೆಯ ವ್ಯವಹಾರ. ಇದನ್ನು ಹೋಲುವುದು ಮಾಸ್ಟರ್ ಪ್ಲಾನ್‌ನಲ್ಲಿ ಭೂಬಳಕೆ ಬದಲಿಸುವ ಕೆಲಸ.)

ಅರ್ಜಿಯಲ್ಲಿ ಎರಡು ಬಗೆ. ಮೊದಲನೆಯದು ಮಾಮೂಲಿ ರಿಝೋನಿಂಗ್. ಇದರಲ್ಲಿ ಷರತ್ತಿಗೆ ಜಾಗವೇ ಇಲ್ಲ. ಆ ಝೋನ್‌ನಲ್ಲಿ ಏನೇನಕ್ಕೆ ಅವಕಾಶವಿದೆಯೋ ಎಲ್ಲಕ್ಕೂ ಬಾಗಿಲು ತೆರೆದಂತೆ. ಉದಾಹರಣೆಗೆ 12 ಎಕರೆಯಲ್ಲಿ 60 ಟೌನ್‌ಹೋಮ್ ಎಂದು ಚಿತ್ರ ತೋರಿಸಿರಬಹುದು. ಝೋನ್ ಎಕರೆಗೆ 8 ಮನೆಗೆ ಒಪ್ಪುವುದಾದರೆ ನೀವು ಯೋಚಿಸಬೇಕಾದ ಸಂಖ್ಯೆ 96. ಎರಡನೆಯದು ಕಂಡಿಷನಲ್ ಝೋನಿಂಗ್. ಇಲ್ಲಿ ಅರ್ಜಿದಾರರು ಲಿಖಿತವಾಗಿ ಒಪ್ಪಿದ ಷರತ್ತುಗಳು ಝೋನಿಂಗ್‌ನ ಭಾಗವೇ ಆಗುತ್ತವೆ. ಸಣ್ಣಪುಟ್ಟ ತಿದ್ದುಪಡಿಯನ್ನು ಸಿಬ್ಬಂದಿ ಮಟ್ಟದಲ್ಲೇ ಮಾಡಲು ನಗರದ ನಿಯಮ ಅವಕಾಶ ಕೊಡಬಹುದು, ಆದರೆ ಬಳಕೆಯನ್ನಾಗಲಿ ಒಟ್ಟು ಸಾಂದ್ರತೆಯನ್ನಾಗಲಿ ಹಾಗೆ ಬದಲಿಸುವಂತಿಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು, ಅರ್ಜಿ ಯಾವ ಬಗೆಯದು ಎಂದು.

‘ಸರಿಹೋಗದಿದ್ದರೆ ಆಮೇಲೆ ವಾಪಸ್ ಬದಲಿಸಿದರಾಯಿತು’ ಎನ್ನುವವರಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಬಂದ ರಾಜ್ಯ ಕಾನೂನು, ಮಾಲೀಕರ ಒಪ್ಪಿಗೆಯಿಲ್ಲದೆ ಝೋನಿಂಗ್ ಅನ್ನು ಕೆಳಕ್ಕಿಳಿಸುವ (ಕೊಟ್ಟ ಸಾಂದ್ರತೆಯನ್ನೋ ಬಳಕೆಯನ್ನೋ ಕಡಿತಗೊಳಿಸುವ) ಅಧಿಕಾರವನ್ನೇ ಸ್ಥಳೀಯ ಸರ್ಕಾರಗಳಿಂದ ಕಿತ್ತುಕೊಂಡಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲಿಕ್ಕೂ ಇಲ್ಲಿ ಊರಿನವರಿಗೆ ಬೀಗದ ಕೈ ಸಿಗುವುದಿಲ್ಲ.

ಈಗ ಷರತ್ತಿನ ಹಾಳೆಗೆ ಬನ್ನಿ. ‘ಈಗಿರುವ ಮರಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಲಾಗುವುದು’ ಎಂಬ ಸಾಲಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಎಷ್ಟು ಸಾಧ್ಯ ಎಂದು ತೀರ್ಮಾನಿಸುವವರು ಆಮೇಲೆ ನೆಲ ಸಮ ಮಾಡುವ ಗ್ರೇಡಿಂಗ್ ಗುತ್ತಿಗೆದಾರರು. ನೀವು ಕೇಳಬೇಕಾದ ಸಾಲು ಹೀಗಿರಲಿ: ಉತ್ತರದ ಗಡಿಯುದ್ದಕ್ಕೂ 50 ಅಡಿ ಅಗಲದ ಹಸಿರು ಪಟ್ಟಿ (ಬಫರ್), ಅದರೊಳಗೆ ಮರ ಕಡಿಯುವಂತಿಲ್ಲ, ಮಣ್ಣು ಅಗೆಯುವಂತಿಲ್ಲ, ರಿಟೇನಿಂಗ್ ವಾಲ್ ಕಟ್ಟುವಂತಿಲ್ಲ, ಒಳಚರಂಡಿಯ ಈಸ್‌ಮೆಂಟ್ (ಪೈಪ್ ಹಾಯಿಸಲು ಬಿಟ್ಟುಕೊಡುವ ಜಾಗ) ಈ 50 ಅಡಿಯಲ್ಲಿ ಸೇರುವಂತಿಲ್ಲ. ಈ ಕೊನೆಯದನ್ನು ಬಿಟ್ಟರೆ ಪೈಪ್‌ಗೆಂದು ಮಧ್ಯದಲ್ಲಿ 20–30 ಅಡಿ ಬೋಳಾಗುತ್ತದೆ, ಬಫರ್ ಮಾತ್ರ ನಕ್ಷೆಯಲ್ಲಿ ಹಸಿರಾಗಿಯೇ ಉಳಿದಿರುತ್ತದೆ. ಇನ್ನೊಂದು: ಬಫರ್ ಯಾರ ಹೆಸರಿನಲ್ಲಿರುತ್ತದೆ? ಒಬ್ಬೊಬ್ಬರ ಹಿತ್ತಲಿಗೆ ಸೇರಿಸಿದರೆ ಮೂರು ವರ್ಷದಲ್ಲಿ ಡೆಕ್ಕು, ಶೆಡ್ಡು, ಬದನೆ ಗಿಡ. ಅದು ಎಚ್‌ಒಎಯ (ಬಡಾವಣೆಯ ಮನೆ ಮಾಲೀಕರ ಸಂಘದ) ಸಾಮಾನ್ಯ ಜಾಗದಲ್ಲಿರಲಿ. ನ್ಯೂಸ್ ನದಿಯ ಜಲಾನಯನದಲ್ಲಿ ತೊರೆಯ ಎರಡೂ ದಂಡೆಗೆ 50 ಅಡಿ ಬಿಡಬೇಕೆಂಬ ರಾಜ್ಯದ ನಿಯಮ ಹೇಗೂ ಇದೆ. ಅದನ್ನೇ ‘ನಾವು ಕೊಡುತ್ತಿರುವ ಹಸಿರು’ ಎಂದು ಯಾರಾದರೂ ತೋರಿಸಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಗ್ಯಾರೇಜ್ ಬಾಗಿಲಿನಿಂದ ಫುಟ್‌ಪಾತ್‌ವರೆಗೆ 20 ಅಡಿ ಇದೆಯೇ ನೋಡಿ. 15 ಅಡಿ ಇದ್ದರೆ ಪ್ರತಿ ಕಾರಿನ ಹಿಂಬದಿಯೂ ಫುಟ್‌ಪಾತ್ ಮೇಲೆ. ಸ್ಟ್ರೋಲರ್ ತಳ್ಳುವ ಅಜ್ಜಿ ರಸ್ತೆಗಿಳಿಯಬೇಕು. ಅತಿಥಿಗಳ ಪಾರ್ಕಿಂಗನ್ನು ‘ಸಾಕಷ್ಟು’ ಎಂದು ಬಿಡದೆ ಇಷ್ಟು ಮನೆಗೆ ಇಷ್ಟು ಜಾಗ ಎಂದು ಬರೆಸಿ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ರಾಫಿಕ್ ಬಗ್ಗೆ ಮಾತಾಡುವಾಗ ಎಚ್ಚರ. ಎಂಜಿನಿಯರ್‌ಗಳು ಬಳಸುವ ಐಟಿಇ (ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆ) ಕೈಪಿಡಿಯ 11ನೇ ಆವೃತ್ತಿಯಲ್ಲಿ ಬಿಡಿ ಮನೆಗೆ ವಾರದ ಒಂದು ಕೆಲಸದ ದಿನಕ್ಕೆ ಸರಾಸರಿ 9.43 ವಾಹನ ಟ್ರಿಪ್, ಟೌನ್‌ಹೋಮ್‌ನಂಥ ಅಂಟುಮನೆಗೆ 7.20. ‘ಟೌನ್‌ಹೋಮ್‌ನವರು ಹೆಚ್ಚು ಕಾರು ಓಡಿಸುತ್ತಾರೆ’ ಎಂದಿರೋ, ಮರುಕ್ಷಣವೇ ಈ ಅಂಕಿ ನಿಮ್ಮೆದುರಿಗೆ ಬರುತ್ತದೆ. ಟ್ರಾಫಿಕ್ ಹೆಚ್ಚುವುದು ಮನೆಗಳ ಸಂಖ್ಯೆಯಿಂದ. ಸಂಖ್ಯೆಯ ಮಿತಿಯನ್ನು, ಎಡತಿರುವಿನ ಲೇನನ್ನು ಕೇಳಿ.

ಕೇಳಿ ಪ್ರಯೋಜನವಿಲ್ಲದ್ದೂ ಉಂಟು. ಬಾಡಿಗೆಯವರು ಬೇಡ, ಮಾಲೀಕರೇ ವಾಸಿಸಲಿ ಎಂದು ಹಟ ಹಿಡಿಯುವವರು ವಿಲ್ಮಿಂಗ್ಟನ್ ನಗರದ 2008ರ ಪ್ರಕರಣ ನೋಡಬೇಕು. ಮಾಲೀಕರ ವಾಸವನ್ನು ಕಡ್ಡಾಯ ಮಾಡಿದ್ದ ನಿಯಮವನ್ನು ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತು. ಶಾಲೆ ತುಂಬಿದೆ ಎಂಬ ದೂರು ನಿಜವೇ ಇರಬಹುದು. ಆದರೆ ಶಾಲೆಗೆಂದು ಡೆವಲಪರ್‌ಗಳಿಂದ ಶುಲ್ಕ ವಸೂಲಿ ಮಾಡಿದ್ದ ಕ್ಯಾಬಾರಸ್ ಕೌಂಟಿಯ ನಿಯಮ 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ನೆರೆಹೊರೆಯವರ ಸಹಿ ಸೇರಿಸಿದರೆ ಕೌನ್ಸಿಲ್‌ನ ಮುಕ್ಕಾಲು ಪಾಲು ಮತ ಬೇಕಾಗುತ್ತದೆ ಎಂಬ ಹಳೆಯ ನಿಯಮವೂ ಈ ರಾಜ್ಯದಲ್ಲಿ 2015ರಲ್ಲೇ ರದ್ದಾಗಿದೆ. ಟೆಕ್ಸಸ್‌ನ ಭಾವಮೈದುನ ಬೇರೆ ಹೇಳಿದರೆ, ಅದು ಟೆಕ್ಸಸ್‌ನ ಕಾನೂನು.

ಗಡಿಗೆ ತಾಗಿದ ಮಾಲೀಕರಿಗೆ ಅಂಚೆಯಲ್ಲಿ ನೋಟಿಸ್ ಬರುವುದು ಹಿಯರಿಂಗ್‌ಗೆ 10ರಿಂದ 25 ದಿನ ಮುಂಚೆ. ಅಷ್ಟರಲ್ಲಿ ಷರತ್ತುಗಳ ಮಾತುಕತೆ ಬಹುಪಾಲು ಮುಗಿದಿರುತ್ತದೆ, ಆದ್ದರಿಂದ ಬೋರ್ಡು ಕಂಡ ವಾರವೇ ಪ್ಲಾನಿಂಗ್ ವಿಭಾಗಕ್ಕೆ ಫೋನ್ ಮಾಡಿ ಷರತ್ತುಗಳ ಕರಡು ಕೇಳಿ. ಇದು ಶಾಸನ ರೂಪದ ತೀರ್ಮಾನವಾದ್ದರಿಂದ ಕೌನ್ಸಿಲ್ ಸದಸ್ಯರನ್ನು ಮುಂಚಿತವಾಗಿ ಭೇಟಿಯಾಗುವುದರಲ್ಲಿ ತಪ್ಪಿಲ್ಲ. ಸ್ಪೆಷಲ್ ಯೂಸ್ ಪರ್ಮಿಟ್‌ನ (ನಿರ್ದಿಷ್ಟ ಬಳಕೆಗೆ ಪ್ರತ್ಯೇಕವಾಗಿ ಕೊಡುವ ಅನುಮತಿಯ) ವಿಚಾರಣೆಯಾದರೆ ಅದು ಕೋರ್ಟಿನಂತೆ ಸಾಕ್ಷ್ಯದ ಮೇಲೆ ನಡೆಯುವುದರಿಂದ ಹಾಗೆ ಮಾಡುವಂತಿಲ್ಲ. ಲಿಖಿತ ಅಭಿಪ್ರಾಯವನ್ನು ಮತದಾನಕ್ಕೆ ಎರಡು ಕೆಲಸದ ದಿನ ಮುಂಚೆ ಕ್ಲರ್ಕ್‌ಗೆ ತಲುಪಿಸಿದರೆ ಅದನ್ನು ಕೌನ್ಸಿಲ್‌ಗೆ ಒಪ್ಪಿಸಲೇಬೇಕು. ಒಂದೇ ಪುಟ ಸಾಕು. ಕರಡಿನ ಎಷ್ಟನೇ ಷರತ್ತಿನಲ್ಲಿ ಯಾವ ಪದ ತೆಗೆದು ಯಾವ ಅಂಕಿ ಹಾಕಬೇಕು ಎಂದಷ್ಟೇ ಬರೆಯಿರಿ.