ಪದ ಪರಿಚಯ: ಸಾಕ್ಷ್ಯನಾಶ (ಸಾಕ್ಷಿನಾಶ ಅಲ್ಲ)

"ಬೆಂಕಿ ಬಿದ್ದ ಗೋದಾಮು: ಮಾಲೀಕನಿಂದಲೇ ಸಾಕ್ಷಿ ನಾಶ" ಅನ್ನುವ ಥರದ ಶೀರ್ಷಿಕೆ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಒಳಗೆ ಓದಿದರೆ ಮಾಲೀಕ ಮಾಡಿದ್ದು ಇಷ್ಟೇ. ಬೆಂಕಿ ಆರಿದ ಮೇಲೆ ಆಳುಗಳನ್ನು ಕರೆಸಿ, ಸುಟ್ಟದ್ದನ್ನೆಲ್ಲ ಲಾರಿಗೆ ತುಂಬಿಸಿ ಕಳಿಸಿದ್ದ. ಒಂದೇ ಸಾಲಿನಲ್ಲಿ ಎರಡು ತಪ್ಪು. ಒಂದು ಅಕ್ಷರದ್ದು, ಇನ್ನೊಂದು ಅರ್ಥದ್ದು.

ಅಕ್ಷರದ್ದು ಬೇಗ ಮುಗಿಯುತ್ತದೆ. ಸಾಕ್ಷಿ ಅಂದರೆ ನೋಡಿದ ಮನುಷ್ಯ. ಸಾಕ್ಷ್ಯ ಅಂದರೆ ಅವನು ಹೇಳುವ ಮಾತು, ಅಥವಾ ಅವನ ಬದಲು ಮಾತಾಡುವ ವಸ್ತು. ಸಾಕ್ಷಿ ನಾಶವಾಯಿತು ಅಂತ ಬರೆದರೆ ಯಾರೋ ಸತ್ತಿದ್ದಾರೆ ಅಂತಲೇ ಅರ್ಥ. ಆಡುಮಾತಿನಲ್ಲಿ ಎರಡಕ್ಕೂ ಸಾಕ್ಷಿ ಅನ್ನುತ್ತೇವೆ, ಅದಕ್ಕೆ ನನ್ನ ತಕರಾರಿಲ್ಲ. ವಿಮೆಯ ಕಡತದಲ್ಲಿ, ತನಿಖೆಯ ವರದಿಯಲ್ಲಿ ಮಾತ್ರ ಇವು ಬೇರೆಬೇರೆ ಇರಲಿ.

ಅರ್ಥದ ತಪ್ಪು ದೊಡ್ಡದು. ಸಾಕ್ಷ್ಯನಾಶ ಅಂದ ಕೂಡಲೇ ನಮಗೆ ಕಳ್ಳ ನೆನಪಾಗುತ್ತಾನೆ. ರಾತ್ರಿ ಹೊತ್ತು ಬಂದು ರಕ್ತ ಒರೆಸುವವನು, ಕಾಗದ ಸುಡುವವನು. ಕ್ರಿಮಿನಲ್ ಕಾನೂನಿನಲ್ಲಿ ಅದು ಸರಿಯೇ. ಅಪರಾಧಿಯನ್ನು ಉಳಿಸುವ ಉದ್ದೇಶ ಅಲ್ಲಿ ಬೇಕು. ಬೆಂಕಿ ತನಿಖೆಯವರು, ವಿಮೆಯವರು ಈ ಮಾತನ್ನು ಬಳಸುವಾಗ ಅವರ ತಲೆಯಲ್ಲಿರುವುದು ಇನ್ನೊಂದು: ಇಂಗ್ಲಿಷಿನವರ ಸ್ಪೋಲಿಯೇಷನ್. ಮುಂದೆ ಕೋರ್ಟಿನಲ್ಲಿ ಬೇಕಾಗಬಹುದಾದ ವಸ್ತು ಅಥವಾ ದಾಖಲೆ ಕಳೆದುಹೋಗುವುದು, ಹಾಳಾಗುವುದು, ಇಲ್ಲವೇ ಗಮನಾರ್ಹವಾಗಿ ಬದಲಾಗುವುದು. ಅದೂ ಅದನ್ನು ಕಾಪಾಡುವ ಹೊಣೆ ಇದ್ದವರ ಕೈಯಲ್ಲೇ. ಇಷ್ಟೇ ವ್ಯಾಖ್ಯೆ. ಇದರಲ್ಲಿ ದುರುದ್ದೇಶ ಅನ್ನುವ ಮಾತೇ ಇಲ್ಲ. ಹೊಣೆ ಇದೆ.

ತಮಾಷೆ ಅಂದರೆ, ನಮ್ಮ ಪದದ ಬೇರು ಈ ಅರ್ಥಕ್ಕೇ ಹತ್ತಿರ. ಸಾಕ್ಷಿ ಹೇಗೆ ಬಂತು ಅಂತ ಹೇಳಲು ಪಾಣಿನಿಯದೇ ಒಂದು ಸೂತ್ರವಿದೆ: ಸಾಕ್ಷಾದ್ ದ್ರಷ್ಟರಿ ಸಂಜ್ಞಾಯಾಮ್. ನೇರವಾಗಿ ನೋಡಿದವನಿಗೆ ಸಾಕ್ಷಿ ಎಂಬ ಹೆಸರು. ಸಾಕ್ಷಾತ್ ಅನ್ನುವುದರೊಳಗೆ ಕಣ್ಣು ಕೂತಿದೆ. ಇನ್ನು ನಾಶ. ಅದರ ಧಾತು ನಶ್. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠ ಅದಕ್ಕೆ ಕೊಡುವ ಅರ್ಥ 'ಅದರ್ಶನೇ'. ಅಂದರೆ ಕಾಣದೆ ಹೋಗುವುದು. ಸುಡು, ಒಡೆ, ಮುರಿ ಅಲ್ಲ. ಬರೀ ಕಾಣದೆ ಹೋಗುವುದು. ನೋಡಿದ್ದು ಅನ್ನುವ ಪದದ ಪಕ್ಕ ಕಾಣದಾದದ್ದು ಅನ್ನುವ ಪದ. ಯಾರು ಮಾಡಿದರು, ಯಾಕೆ ಮಾಡಿದರು ಅಂತ ಈ ಜೋಡಿ ಕೇಳುವುದೇ ಇಲ್ಲ. ಇಂಗ್ಲಿಷ್ ಪದದ ಹುಟ್ಟು ನೋಡಿ. ಲ್ಯಾಟಿನ್ನಿನ ಸ್ಪೋಲಿಯಂ ಅಂದರೆ ಪ್ರಾಣಿಯ ಮೈಯಿಂದ ಸುಲಿದ ಚರ್ಮ, ಆಮೇಲೆ ಸತ್ತ ಶತ್ರುವಿನಿಂದ ಕಿತ್ತುಕೊಂಡ ಆಯುಧ, ಲೂಟಿ. ಅವರ ಪದದಲ್ಲಿ ದರೋಡೆ ಇದೆ, ಅರ್ಥದಲ್ಲಿ ಇಲ್ಲ. ನಮ್ಮ ಪದದಲ್ಲಿ ದರೋಡೆ ಇಲ್ಲ, ಬಳಸುವವರು ಸುಮ್ನೆ ತಂದು ತುಂಬಿದ್ದಾರೆ.

ಬೆಂಕಿ ಬಿದ್ದ ಜಾಗದಲ್ಲಿ ಇದು ನಡೆಯುವ ರೀತಿಯೇ ಬೇರೆ. ಅಲ್ಲಿ ಸಾಕ್ಷ್ಯವನ್ನು ಜಾಸ್ತಿ ಹಾಳುಮಾಡುವವರು ಒಳ್ಳೆಯವರು, ಮುಖ್ಯವಾಗಿ ಚೊಕ್ಕಟ ಮಾಡುವವರು. ಕರೆಂಟಿನ ಪ್ಯಾನಲ್ ತೆಗೆದುಕೊಳ್ಳಿ. ಕೆಲವು ಬಗೆಯ ಬ್ರೇಕರ್‌ಗಳಲ್ಲಿ ಟ್ರಿಪ್ ಆದಾಗ, ಅಂದರೆ ಕರೆಂಟ್ ತಾನಾಗಿ ಕಡಿದಾಗ, ಹಿಡಿ ಆನ್ ಮತ್ತು ಆಫ್ ಎರಡರ ನಡುವೆ ಬಂದು ನಿಲ್ಲುತ್ತದೆ. ಹನ್ನೆರಡು ಹಿಡಿಗಳಲ್ಲಿ ಒಂದು ಮಾತ್ರ ನಡುವೆ ನಿಂತಿದ್ದರೆ, ತನಿಖೆಯವರು ಮೊದಲು ಆ ಸಾಲಿನ ವೈರ್ ಹಿಡಿದು ಹೊರಡುತ್ತಾರೆ. (ಬರೀ ಬಿಸಿಗೂ ಬ್ರೇಕರ್ ಟ್ರಿಪ್ ಆಗಬಹುದು, ಅದು ಬೇರೆ ಚರ್ಚೆ.) ಆಗ ಯಾರೋ ಜಾಗರೂಕ ಮನುಷ್ಯ ಬರುತ್ತಾನೆ. ಅಪಾಯ ಬೇಡ ಅಂತ ಹನ್ನೆರಡನ್ನೂ ಟಕಟಕ ಅಂತ ಆಫ್ ಮಾಡುತ್ತಾನೆ. ಈಗ ಹನ್ನೆರಡೂ ಒಂದೇ ಥರ. ಅವನನ್ನು ಬೈಯುವಂತಿಲ್ಲ. ಆದರೆ ಒಂದು ಫೋಟೊ ತೆಗೆದು ಆಮೇಲೆ ಮುಟ್ಟಿದ್ದರೆ ಏನೂ ಕಳೆದುಹೋಗುತ್ತಿರಲಿಲ್ಲ.

ಕಿಟಕಿ ಗಾಜೂ ಹಾಗೇ. ಹೊಗೆ ಹಿಡಿಯುವ ಮೊದಲೇ ಒಡೆದು ಬಿದ್ದ ಚೂರಿನ ಕೆಳಮೈಗೆ ಸಾಮಾನ್ಯವಾಗಿ ಮಸಿ ಇರುವುದಿಲ್ಲ. ಅದರ ಮೇಲೆ ಬೂದಿ, ಬೂದಿಯ ಮೇಲೆ ಸೀಲಿಂಗ್ ತುಂಡು, ಹೀಗೆ ಪದರ ಪದರವಾಗಿ ಕೂತಿರುತ್ತದೆ. ಯಾವುದರ ಕೆಳಗೆ ಯಾವುದಿದೆ ಅನ್ನುವುದೇ ಅಲ್ಲಿ ಕಾಲದ ಲೆಕ್ಕ. ಸನಿಕೆ ಹಾಕಿ ಒಂದು ಮೂಲೆಗೆ ಗುಡ್ಡೆ ಮಾಡಿದರೆ ಎಲ್ಲ ವಸ್ತುವೂ ಅಲ್ಲೇ ಇರುತ್ತದೆ, ಒಂದೂ ಕಳೆದಿರುವುದಿಲ್ಲ, ಸಾಕ್ಷ್ಯ ಮಾತ್ರ ಹೋಗಿರುತ್ತದೆ.

ಹಾಗಂತ ಎಲ್ಲ ಬದಲಾವಣೆಯೂ ಸಾಕ್ಷ್ಯನಾಶ ಅಂತ ಕೂಗುವವರೂ ಇದ್ದಾರೆ. ಅವರಿಗೂ ಸ್ವಲ್ಪ ತಾಳ್ಮೆ ಬೇಕು. ಅಗ್ನಿಶಾಮಕದವರು ಗೋಡೆ ಕಿತ್ತು, ಚಾವಣಿ ಎಳೆದು ಒಳಗೆ ಕೆಂಡ ಉಳಿದಿದೆಯಾ ಅಂತ ನೋಡಲೇಬೇಕು. ತನಿಖೆ ಮಾಡುವವರು ಬೂದಿ ಕೆದಕದೆ ಏನನ್ನೂ ಕಾಣಲಾರರು. ಅಮೆರಿಕದ ಎನ್‌ಎಫ್‌ಪಿಎ 921 ಅನ್ನುವ ಮಾರ್ಗದರ್ಶಿ ಮೊದಲು ಬಂದದ್ದು 1992ರಲ್ಲಿ. ಇವತ್ತು ಬೆಂಕಿ ತನಿಖೆಯಲ್ಲಿ ಅದರ ಹೆಸರು ಎತ್ತದೆ ಮಾತು ಮುಂದೆ ಹೋಗುವುದಿಲ್ಲ. ಬೆಂಕಿ ಆರಿಸುವುದಕ್ಕೆ, ತನಿಖೆ ನಡೆಸುವುದಕ್ಕೆ ಅನಿವಾರ್ಯವಾಗಿ ವಸ್ತು ಸರಿಸಿದ್ದನ್ನು ಸಾಕ್ಷ್ಯನಾಶ ಅನ್ನಬಾರದು ಅಂತ ಅದೇ ಹೇಳುತ್ತದೆ. ಗೆರೆ ಎಲ್ಲಿ ಬೀಳುತ್ತದೆ? ಬೇಕಾದಷ್ಟು ಸರಿಸಿದಿರಾ, ಅದಕ್ಕಿಂತ ಜಾಸ್ತಿಯಾ? ಸರಿಸುವ ಮೊದಲು ಬರೆದಿಟ್ಟಿರಾ? ಫೋಟೊ ಇದೆಯಾ? ಈ ಮೂರಕ್ಕೆ ಉತ್ತರ ಇದ್ದವರಿಗೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಸ್ಯಾಂಪಲ್ ತೆಗೆಯುವವರ ಮೇಲೆ. ಪೆಟ್ರೋಲ್ ಸುರಿದು ಹಚ್ಚಿದ್ದಾರೆ ಅನ್ನುವ ಅನುಮಾನ. ಕಾರ್ಪೆಟ್ಟಿನ ಒಂದು ತುಂಡು ಕತ್ತರಿಸಿ ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟುತ್ತಾರೆ. ಕೆಲಸ ಕೆಟ್ಟಂತೆಯೇ. ಪೆಟ್ರೋಲಿನ ಆವಿ ಆ ಪ್ಲಾಸ್ಟಿಕ್ಕಿನ ಮೂಲಕ ಹೊರಗೆ ಹೋಗುತ್ತದೆ, ಪಕ್ಕದ ಚೀಲದ ಆವಿ ಇದರೊಳಗೆ ಬರಲೂಬಹುದು. ಬೇಕಾದದ್ದು ಹೊಸ, ಒಮ್ಮೆಯೂ ಬಳಸದ ತಗಡಿನ ಡಬ್ಬಿ, ಪೇಂಟ್ ಡಬ್ಬಿಯಂಥದ್ದು. ಇಲ್ಲವೇ ಇದಕ್ಕಾಗಿಯೇ ಮಾಡಿದ ನೈಲಾನ್ ಚೀಲ. ಡಬ್ಬಿಯನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಮೇಲಿನ ಖಾಲಿ ಜಾಗದಲ್ಲಿ ಸೇರುವ ಆವಿಯನ್ನೇ ಲ್ಯಾಬಿನವರು ಇದ್ದಿಲಿನ ಪಟ್ಟಿಗೆ ಹೀರಿಸಿ ಪರೀಕ್ಷೆ ಮಾಡುವುದು. ಮಣ್ಣಿನ ಸ್ಯಾಂಪಲ್ ಆದರೆ ಫ್ರೀಜರಿನಲ್ಲಿ ಇಡಬೇಕು. ಮಣ್ಣಿನ ಬ್ಯಾಕ್ಟೀರಿಯಾಗಳು ಪೆಟ್ರೋಲನ್ನು ತಿನ್ನುತ್ತವೆ. ಕಪಾಟಿನಲ್ಲಿ ಭದ್ರವಾಗಿ ಬೀಗ ಹಾಕಿ, ಮೊಹರು ಒತ್ತಿ, ಸಹಿ ಹಾಕಿ ಇಟ್ಟ ಡಬ್ಬಿಯೊಳಗೇ ಸಾಕ್ಷ್ಯ ದಿನದಿನಕ್ಕೆ ಕರಗುತ್ತಿರುತ್ತದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಕಾಗದ ಪಕ್ಕಾ ಇರುತ್ತದೆ. ಧಾತುಪಾಠದ ಅದರ್ಶನ ಅಂದರೆ ಇದೇ ಅಲ್ವಾ?

ಇನ್ನೊಂದು ಇದೆ. ಸುಡದ ಜಾಗದಿಂದ ಅದೇ ಕಾರ್ಪೆಟ್ಟಿನ ಇನ್ನೊಂದು ತುಂಡು ತೆಗೆದಿಡಬೇಕು, ಹೋಲಿಸಿ ನೋಡಲು. ಕಾರ್ಪೆಟ್, ಅದರ ಕೆಳಗಿನ ಫೋಮ್ ಸುಟ್ಟಾಗಲೂ ಪರೀಕ್ಷೆಯಲ್ಲಿ ಗೊಂದಲ ಮಾಡುವ ಟಾಲುಯೀನ್, ಸ್ಟೈರೀನ್ ಥರದ ವಸ್ತುಗಳು ಹುಟ್ಟುತ್ತವೆ. ಪೈನ್ ಮರದಲ್ಲಿ ಟರ್ಪೆಂಟೈನಿನ ಬಂಧುಗಳು ಮೊದಲೇ ಇರುತ್ತವೆ. ಹೋಲಿಸಲು ತುಂಡಿಲ್ಲದೆ ಬರೀ ಸುಟ್ಟ ತುಂಡು ಬಂದರೆ ಲ್ಯಾಬಿನವರು ಒಂದು ಕೈ ಕಟ್ಟಿಕೊಂಡು ಕೆಲಸ ಮಾಡಬೇಕು. ಆ ಸುಡದ ಮೂಲೆಯನ್ನು ತಾವೇ ಲಾರಿಗೆ ಹಾಕಿಸಿ, ಆಮೇಲೆ ವರದಿಯಲ್ಲಿ 'ಹೋಲಿಕೆಗೆ ಮಾದರಿ ಲಭ್ಯವಿಲ್ಲ' ಅಂತ ಬರೆಯುವವರಿಗೆ ಏನು ಹೇಳುವುದು? ಇನ್ನು ಪೆಟ್ರೋಲಿನ ಜನರೇಟರನ್ನು ಸುಟ್ಟ ಕೋಣೆಯ ಬಾಗಿಲಲ್ಲೇ ಇಟ್ಟು ಎಣ್ಣೆ ತುಂಬಿಸಿ, ಅದೇ ಬೂಟು ಹಾಕಿಕೊಂಡು ಒಳಗೆ ಹೋಗಿ ಪೆಟ್ರೋಲ್ ಹುಡುಕುವ ತನಿಖೆಗಾರರ ಬಗ್ಗೆ ನಾನು ಬರೆಯಲು ಹೊರಟರೆ ಈ ಬರಹ ಮುಗಿಯುವುದಿಲ್ಲ.

ವಿಮೆಯವರ ಹೊಣೆ ಇಲ್ಲಿ ಎರಡು ಪಟ್ಟು. ತನಿಖೆಗಾರರನ್ನು ಕಳಿಸುವವರು ಅವರೇ. ಕ್ಲೇಮ್ ಬೇಡ ಅನ್ನುವುದಾದರೆ ಯಾಕೆ ಅಂತ ತೋರಿಸಬೇಕು. ಹಣ ಕೊಟ್ಟರೆ, ಆಮೇಲೆ ಬೆಂಕಿ ಹತ್ತಿಸಿದ ಯಂತ್ರ ಮಾಡಿದ ಕಂಪನಿಯ ಮೇಲೆ ಅದನ್ನು ವಸೂಲಿ ಮಾಡಲು ಹೋಗಬಹುದು. ಎರಡಕ್ಕೂ ವಸ್ತು ಬೇಕು. ಕಾಫಿ ಮೆಷಿನ್ ಅನ್ನಿ. ಸುಟ್ಟು ಪ್ಲಾಸ್ಟಿಕ್ ಮುದ್ದೆಯಾಗಿದೆ, ಒಳಗೆ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಸಣ್ಣ ಫ್ಯೂಸ್ ಹುದುಗಿದೆ. ಕುತೂಹಲಕ್ಕೆ ಇಕ್ಕಳ ಹಾಕಿ ಬಿಡಿಸಿದರೆ ಮುಗಿಯಿತು. ಮೊದಲು ಎಕ್ಸ್‌ರೇ. ಬಿಡಿಸಲೇಬೇಕಾದರೆ, ತಯಾರಕರು, ಮನೆಯವರು, ವೈರಿಂಗ್ ಮಾಡಿದವರು, ಹೀಗೆ ಸಂಬಂಧಪಟ್ಟ ಎಲ್ಲರಿಗೂ ನೋಟಿಸ್. ಯಾವ ಕ್ರಮದಲ್ಲಿ ಬಿಡಿಸುವುದು ಅಂತ ಮೊದಲೇ ಒಪ್ಪಂದ. ಎಎಸ್‌ಟಿಎಂ ಇ860 ಅನ್ನುವ ಮಾನದಂಡ ಇರುವುದೇ ಇದಕ್ಕೆ. ಮೂಲೆಯಲ್ಲಿದ್ದ ಟೋಸ್ಟರನ್ನು 'ಇದರಿಂದಲ್ಲ' ಅಂತ ತಳ್ಳಿಹಾಕಿದಿರಾ? ಅದನ್ನೂ ಇಡಿ. ತಮ್ಮ ವಾದಕ್ಕೆ ಒಗ್ಗುವ ವಸ್ತುವನ್ನು ಮಾತ್ರ ಹುಷಾರಾಗಿ ಕಟ್ಟಿಕೊಂಡು ಬಂದವರದ್ದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಸಾಕ್ಷ್ಯನಾಶ. ಎದುರು ಪಕ್ಷದವರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ನಾಶವಾದರೆ ಏನಾಗುತ್ತದೆ? ಇದಕ್ಕೆ 1722ರ ಲಂಡನ್ನಿನ ಆರ್ಮರಿ ವರ್ಸಸ್ ಡೆಲಮಿರಿ ಕೇಸನ್ನು ಇವತ್ತಿಗೂ ಹೇಳುತ್ತಾರೆ. ಹೊಗೆಗೂಡು ಗುಡಿಸುವ ಹುಡುಗನೊಬ್ಬನಿಗೆ ಹರಳಿನ ಒಡವೆ ಸಿಕ್ಕಿತು. ಬೆಲೆ ಕೇಳಲು ಅಕ್ಕಸಾಲಿಯ ಅಂಗಡಿಗೆ ಹೋದ. ಅಲ್ಲಿನ ಕೆಲಸದವನು ತೂಗುವ ನೆಪದಲ್ಲಿ ಹರಳು ಕಿತ್ತುಕೊಂಡು ಖಾಲಿ ಒಡವೆಯನ್ನು ವಾಪಸ್ ಕೊಟ್ಟ. ಹರಳು ಎಂಥದ್ದಿತ್ತು ಅಂತ ಹೇಳುವವರಿಲ್ಲ. ಕೋರ್ಟ್ ಏನು ಹೇಳಿತು ಅಂದರೆ, ಅಕ್ಕಸಾಲಿ ಹರಳು ತಂದು ತೋರಿಸದಿದ್ದರೆ ಅದು ಅತ್ಯುತ್ತಮ ದರ್ಜೆಯದು ಅಂತಲೇ ಊಹಿಸಿ ಬೆಲೆ ಕಟ್ಟಿ. ಬೆಂಕಿಯ ಕೇಸಿಗೂ ಇದೇ ತರ್ಕ. ಕಳೆದ ವಸ್ತು ಇದ್ದಿದ್ದರೆ ಕಳೆದವನ ವಿರುದ್ಧವೇ ಹೇಳುತ್ತಿತ್ತು ಅಂತ ಊಹಿಸಬಹುದು. ಅವನ ಕಡೆಯ ತಜ್ಞರ ಮಾತನ್ನು ಕೇಳದೆ ಬಿಡಬಹುದು. ಕೇಸನ್ನೇ ವಜಾ ಮಾಡಬಹುದು. ಉದ್ದೇಶ ಏನಿತ್ತು ಅನ್ನುವ ಪ್ರಶ್ನೆ ಜೋರಾಗಿ ಬರುವುದು ಇಲ್ಲಿ, ಶಿಕ್ಷೆಯ ತೂಕ ನೋಡುವಾಗ. ಇಲ್ಲಿಯೂ ಅದೇ ಎಲ್ಲವೂ ಅಲ್ಲ. 2001ರಲ್ಲಿ ಅಮೆರಿಕದ ಒಂದು ಫೆಡರಲ್ ಮೇಲ್ಮನವಿ ಕೋರ್ಟಿನ ಮುಂದೆ ಬಂದದ್ದು ಬೆಂಕಿಯದಲ್ಲ, ಕಾರಿನ ಕೇಸು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯಲಿಲ್ಲ ಅಂತ ಜನರಲ್ ಮೋಟಾರ್ಸ್ ಮೇಲೆ ದೂರು. ದೂರಿದವರ ತಜ್ಞರು ಕಾರು ನೋಡಿಕೊಂಡರು. ಕಂಪನಿಗೆ ಸುದ್ದಿ ಮುಟ್ಟಿದ್ದು ಸುಮಾರು 3 ವರ್ಷದ ಮೇಲೆ, ಅಷ್ಟರಲ್ಲಿ ಕಾರು ಬೇರೆಯವರ ಕೈಸೇರಿ ರಿಪೇರಿಯೂ ಆಗಿತ್ತು. ಆ ಕಾರು ದೂರಿದವರ ಸ್ವಂತದ್ದೂ ಅಲ್ಲ. ಆದರೂ ಕೇಸು ವಜಾ ಆದದ್ದೇ ಸರಿ ಅಂತ ಕೋರ್ಟ್ ಹೇಳಿತು. ಎದುರಿನವರಿಗೆ ಆದ ನಷ್ಟ ಅಷ್ಟು ದೊಡ್ಡದಿತ್ತು.

ಶಿಕ್ಷೆಯ ಮಾತು ಬಿಟ್ಟರೂ, ಇಟ್ಟುಕೊಳ್ಳಲು ಇನ್ನೊಂದು ಕಾರಣವಿದೆ. ತಪ್ಪಾಗಿ ಓದಿದ್ದನ್ನು ಮತ್ತೆ ಓದಬಹುದು, ವಸ್ತು ಇದ್ದರೆ. 1990ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನ ಲೈಮ್ ಸ್ಟ್ರೀಟಿನ ಮನೆಯೊಂದರಲ್ಲಿ ಬೆಂಕಿ ಬಿದ್ದು 6 ಜನ ಸತ್ತರು. ನೆಲದ ಮೇಲಿನ ಸುಟ್ಟ ಗುರುತು ನೋಡಿ, ಏನೋ ಸುರಿದು ಹಚ್ಚಿದ್ದಾರೆ ಅಂತ ತೀರ್ಮಾನಿಸಿದರು. ಹತ್ತಿರದಲ್ಲೇ ಹೆಚ್ಚುಕಡಿಮೆ ಅಂಥದೇ ಇನ್ನೊಂದು ಮನೆ ಕೆಡವಲು ಕಾದಿತ್ತು. ಅದಕ್ಕೆ ಅಂಥದೇ ಸಾಮಾನು ತುಂಬಿ, ಸೋಫಾಕ್ಕೆ ಬೆಂಕಿ ಹಚ್ಚಿ ನೋಡಿದರು. ಏನೂ ಸುರಿಯದೆಯೇ 5 ನಿಮಿಷದೊಳಗೆ ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಂಡಿತು, ನೆಲದ ಮೇಲೆ ಅಂಥವೇ ಗುರುತುಗಳು. ಮನೆಯವನ ಮೇಲೆ ಹೊರಿಸಿದ್ದ ಆರೋಪ ಕೈಬಿಟ್ಟರು. ಎಲ್ಲರ ಪಕ್ಕದಲ್ಲೂ ಅಂಥ ಮನೆ ಇರುವುದಿಲ್ಲವಲ್ಲ. ಉಳಿದವರಿಗೆ ಇರುವುದು ಡಬ್ಬಿ, ಫೋಟೊ, ಅಳತೆ ಹಾಕಿದ ನಕ್ಷೆ.

"ಹಾಗಾದರೆ ಎಷ್ಟು ವರ್ಷ ಇಟ್ಟುಕೊಂಡು ಕೂರಬೇಕು? ಗೋದಾಮಿನ ಬಾಡಿಗೆ ಯಾರು ಕೊಡುತ್ತಾರೆ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಎಂದೆಂದಿಗೂ ಇಡಬೇಕಾಗಿಲ್ಲ. ಕೇಸು ಮುಗಿದ ಮೇಲೆ, ಅಥವಾ ಕೇಸು ಬರುವ ಸಾಧ್ಯತೆ ಇಲ್ಲ ಅಂತ ಖಾತ್ರಿಯಾದ ಮೇಲೆ, ಸಂಬಂಧಪಟ್ಟವರಿಗೆಲ್ಲ ಪತ್ರ ಬರೆಯಬೇಕು: ಇಂಥ ದಿನ ಇದನ್ನು ಬಿಸಾಡುತ್ತೇವೆ, ಬೇಕಾದವರು ಅಷ್ಟರೊಳಗೆ ತಿಳಿಸಿ, ಬಂದು ತೆಗೆದುಕೊಂಡು ಹೋಗಿ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಬೇಕು, ಫೋನಿನಲ್ಲಿ "ಹೂಂ ಸರಿ" ಅಂದದ್ದು ಸಾಲದು. ಹಾಗೆ ಬಿಸಾಡಿದರೆ ಅದು ಬರೀ ವಿಲೇವಾರಿ. ಶೀರ್ಷಿಕೆಯ ಆ ಮಾಲೀಕ ಲಾರಿ ಕರೆಸುವ ಮೊದಲು ಮಾಡಬೇಕಿದ್ದದ್ದೂ ಒಂದು ಫೋನು, ಒಂದು ಪತ್ರ. ಅದನ್ನು ಅವನಿಗೆ ಹೇಳಬೇಕಿದ್ದವರು ಯಾರು, ಹೇಳಿದ್ದರಾ ಅಂತ ವರದಿಗಾರರು ಕೇಳಿದಂತೆ ಕಾಣಲಿಲ್ಲ.