ಯಾವ ಹಿಟ್ಟಿಗೆ ಯಾವುದು: ಮೈದಾ, ಸೋಡಾ, ಯೀಸ್ಟ್ ಜೋಡಿ ನೋಡೋದು ಹೇಗೆ

ಬೇಕಿಂಗ್ ಕಲಿಯೋಕೆ ಶುರು ಮಾಡಿದಾಗ ಹಿಟ್ಟಿನ ಪಾಠ ಬೇರೆ, ಉಬ್ಬಿಸೋ ಸಾಮಾನಿನ ಪಾಠ ಬೇರೆ ಅಂದ್ಕೊಂಡು ನೋಟ್ಸ್ ಬರ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಎರಡನ್ನೂ ಜೊತೇಲೇ ಓದ್ಬೇಕು ಅಂತ. ಗ್ಯಾಸ್ ಹುಟ್ಟಿಸೋದು ಒಂದು, ಅದನ್ನ ಹಿಡಿದಿಟ್ಕೊಳ್ಳೋದು ಇನ್ನೊಂದು. ಯೀಸ್ಟ್ ಗಂಟೆಗಟ್ಲೆ ನಿಧಾನಕ್ಕೆ ಗ್ಯಾಸ್ ಬಿಡತ್ತೆ, ಅಷ್ಟು ಹೊತ್ತು ಅದನ್ನ ಹಿಡಿಯೋಕೆ ಗಟ್ಟಿ ಗ್ಲುಟನ್ (ಗೋಧಿ ಹಿಟ್ಟು, ಮೈದಾ ಕಲ್ಸಿ ನಾದಿದಾಗ ಅದರ ಪ್ರೋಟೀನಿಂದ ಆಗೋ ಅಂಟು) ಬೇಕು. ಸೋಡಾ, ಬೇಕಿಂಗ್ ಪೌಡರ್ ಬೇಗ ಕೆಲಸ ಮುಗಿಸ್ತವೆ, ಅಲ್ಲಿ ಗ್ಲುಟನ್ ಜಾಸ್ತಿ ಆದ್ರೆ ಕೇಕು ರಬ್ಬರ್ ಥರ ಎಳೆಯತ್ತೆ.

ಗ್ಲುಟನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಒಂದು ಹಿಡಿ ಮೈದಾ ಗಟ್ಟಿಯಾಗಿ ಕಲ್ಸಿ ಚೆನ್ನಾಗಿ ನಾದಿ ಅರ್ಧ ಗಂಟೆ ಬಿಟ್ಟು, ಬಟ್ಟಲು ನೀರಲ್ಲಿ ಹಿಸುಕ್ತಾ ತೊಳೀರಿ, ನೀರು ಹಾಲಿನ ಹಾಗೆ ಬಿಳಿ ಆಗ್ತಾ ಹೋಗತ್ತೆ (ಅದು ಪಿಷ್ಟ), ಕೊನೆಗೆ ಕೈಯಲ್ಲಿ ಉಳಿಯೋ ಎಳೆಎಳೆ ಅಂಟೇ ಗ್ಲುಟನ್. ಒಂದ್ಸಲ ಮಾಡಿ ನೋಡಿ, ಎಷ್ಟು ಓದಿದ್ರೂ ಇಷ್ಟು ಅರ್ಥ ಆಗಲ್ಲ.

ಪ್ಯಾಕೆಟ್ ಮೇಲೆ ಪ್ರೋಟೀನ್ ಎಷ್ಟು ಅಂತ ನೋಡಿ. ಸುಮಾರು 7-9% ಇದ್ರೆ ಕೇಕಿಗೆ, 10-12% ಇದ್ರೆ ಬಿಸ್ಕೆಟ್, ಮಫಿನ್ ಹೀಗೆ ಎಲ್ಲದಕ್ಕೂ ನಡೆಯತ್ತೆ, 12-14% ಬ್ರೆಡ್ಡಿಗೆ. ಕೇಕ್ ಹಿಟ್ಟು ಇಲ್ಲ ಅಂದ್ರೆ 1 ಕಪ್ ಮೈದಾದಲ್ಲಿ 2 ಟೇಬಲ್ ಚಮಚ ತೆಗೆದು ಅಷ್ಟೇ ಕಾರ್ನ್ ಫ್ಲೋರ್ ಹಾಕಿ ಜರಡಿ ಹಿಡೀರಿ. ಇಡೀ ಗೋಧಿ ಹಿಟ್ಟಲ್ಲಿ ತೌಡು ಗ್ಲುಟನ್ ಎಳೆಗಳಿಗೆ ಅಡ್ಡ ಬರತ್ತೆ, ನೀರೂ ಜಾಸ್ತಿ ಕುಡಿಯತ್ತೆ, ಅದಕ್ಕೇ ಪ್ರೋಟೀನ್ ಇದ್ರೂ ಬ್ರೆಡ್ ಅಷ್ಟು ಉಬ್ಬಲ್ಲ.

ಎಲ್ರೂ ಎಡವೋದು ಸೋಡಾ ಹತ್ರ. ಅಡುಗೆ ಸೋಡಾ ಬರೀ ಕ್ಷಾರ, ಸರಿಯಾಗಿ ಕೆಲಸ ಮಾಡೋಕೆ ಮೊಸರು, ಮಜ್ಜಿಗೆ, ನಿಂಬೆರಸ ಹೀಗೆ ಏನಾದ್ರೂ ಹುಳಿ ಬೇಕೇ ಬೇಕು. ನಾನು ಒಂದ್ಸಲ ಹಾಲು ಹಾಕಿ ಮಾಡೋ ಕೇಕಿಗೆ ಬೇಕಿಂಗ್ ಪೌಡರ್ ಬದಲು ಅಷ್ಟೇ ಅಳತೆ ಸೋಡಾ ಹಾಕಿದ್ದೆ, ಕೇಕು ಕಂದು ಬಣ್ಣಕ್ಕೆ ತಿರುಗಿ ಬಾಯಿಗಿಟ್ರೆ ಸೋಪಿನ ರುಚಿ. ಸೋಡಾ ಅನ್ನೋದು ಬೇಕಿಂಗ್ ಪೌಡರಿಗಿಂತ 3-4 ಪಟ್ಟು ಜೋರು, 1 ಕಪ್ ಹಿಟ್ಟಿಗೆ ಕಾಲು ಟೀ ಚಮಚ ಸಾಕು. ಪೌಡರ್ ಆದ್ರೆ 1 ಟೀ ಚಮಚದವರೆಗೆ, ಅದರೊಳಗೆ ಸೋಡಾ ಜೊತೆಗೆ ಪುಡಿ ರೂಪದ ಆಮ್ಲ (ಹುಳಿ), ಪಿಷ್ಟ ಎರಡೂ ಇರತ್ತೆ. ಪೌಡರ್ ಡಬ್ಬಿ ಮೇಲೆ ಡಬಲ್ ಆಕ್ಟಿಂಗ್ ಅಂತ ಇದ್ರೆ, ಒದ್ದೆ ಆದಾಗ ಸ್ವಲ್ಪ ಗ್ಯಾಸ್ ಬಿಡತ್ತೆ, ಓವನ್ ಬಿಸಿಗೆ ಮಿಕ್ಕಿದ್ದು. ಕೋಕೋನೂ ನೋಡ್ಕೊಳ್ಳಿ, ಸಾದಾ ಕೋಕೋ ಹುಳಿ, ಸೋಡಾಗೆ ಹೊಂದತ್ತೆ, ಡಚ್ ಕೋಕೋದಲ್ಲಿ ಆ ಹುಳಿ ತೆಗೆದಿರ್ತಾರೆ, ಅದಕ್ಕೆ ಪೌಡರ್ ಹಾಕಿ.

ಯೀಸ್ಟಿಗೆ ನೀರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೈಗೆ ಬೆಚ್ಚಗೆ ಅನ್ನಿಸಿದ್ರೆ ಸಾಕು, 60 ದಾಟಿದ್ರೆ ಸತ್ತೇ ಹೋಗತ್ತೆ. ಇನ್‌ಸ್ಟಂಟ್ ಯೀಸ್ಟ್ ನೇರ ಹಿಟ್ಟಿಗೆ ಸೇರಿಸ್ಬೋದು, ಆಕ್ಟಿವ್ ಡ್ರೈ ಆದ್ರೆ ಮೊದ್ಲು ನೀರಲ್ಲಿ ನೆನೆಸಿ, ಹತ್ತು ನಿಮಿಷಕ್ಕೆ ನೊರೆ ಬಂತಾ ನೋಡಿ.

ಡಬ್ಬಿ ತೆರೆದು ತುಂಬಾ ದಿನ ಆಗಿದ್ರೆ ಪೌಡರನ್ನ ಬಿಸಿನೀರಿಗೆ, ಸೋಡಾನ ವಿನೆಗರ್‌ಗೆ ಅರ್ಧ ಚಮಚ ಹಾಕಿ, ಬುಸ್ ಅಂತ ನೊರೆ ಎದ್ರೆ ಬಳಸಿ, ನಾಲ್ಕು ಗುಳ್ಳೆ ಬಂದು ಸುಮ್ನಾದ್ರೆ ಹೊಸದು ತನ್ನಿ.