ಹುಣ್ಣಿಮೆ ಹಿಂದೆ ಓಡುವ ಈಸ್ಟರ್

2024ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 31ಕ್ಕೆ. ಅದೇ ವರ್ಷ ಯಹೂದಿಗಳ ಪಸ್ಕ ಹಬ್ಬ ಶುರುವಾಗಿದ್ದು ಏಪ್ರಿಲ್ 22ರ ಸಂಜೆ. ಯೇಸುವನ್ನು ಶಿಲುಬೆಗೇರಿಸಿದ್ದು ಪಸ್ಕದ ಹೊತ್ತಿನಲ್ಲಿ, ಮತ್ತೆ ಎದ್ದು ಬಂದದ್ದು ಅದರ ಮರು ಭಾನುವಾರ ಎಂದು ಸುವಾರ್ತೆಗಳು ಹೇಳುತ್ತವೆ. ಹಾಗಿದ್ದರೆ ಈಸ್ಟರ್ ಪಸ್ಕಕ್ಕಿಂತ ಮೂರು ವಾರ ಮೊದಲೇ ಬಂದದ್ದು ಹೇಗೆ?

ಪಸ್ಕ ಅಂದರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ನಿಸಾನ್ ತಿಂಗಳ 14ರಂದು ಕುರಿಮರಿ ಕೊಯ್ದು, ಕತ್ತಲಾದ ಮೇಲೆ ಹುಳಿಯಿಲ್ಲದ ರೊಟ್ಟಿಯ ಜೊತೆ ಊಟ. ಯಹೂದಿ ತಿಂಗಳು ಅಮಾವಾಸ್ಯೆ ಕಳೆದ ಮೇಲೆ ಶುರುವಾಗುತ್ತದೆ. ಹಾಗಾಗಿ ಪಸ್ಕದ ರಾತ್ರಿ ಆಕಾಶದಲ್ಲಿ ಹೆಚ್ಚುಕಡಿಮೆ ಪೂರ್ಣಚಂದ್ರನೇ ಇರುತ್ತಾನೆ.

ಸುವಾರ್ತೆ ಬರೆದವರು ನಾಲ್ವರು. ಯೇಸುವಿನ ಕೊನೆಯ ಊಟವೇ ಪಸ್ಕದ ಊಟ ಎನ್ನುತ್ತಾರೆ ಅವರಲ್ಲಿ ಮತ್ತಾಯ, ಮಾರ್ಕ, ಲೂಕ. ಯೋಹಾನನ ಪ್ರಕಾರ ಅದು ಹಿಂದಿನ ರಾತ್ರಿಯ ಊಟ, ಕುರಿಮರಿ ಕೊಯ್ಯುವ ದಿನವೇ ಶಿಲುಬೆ. ಒಂದು ದಿನದ ಈ ವ್ಯತ್ಯಾಸಕ್ಕೆ ವಿದ್ವಾಂಸರು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ಆದರೆ ವಾರ ಶುಕ್ರವಾರ ಅನ್ನುವುದರಲ್ಲಿ ನಾಲ್ವರದೂ ಒಂದೇ ಮಾತು. ಖಗೋಳ ಲೆಕ್ಕದವರಿಗೆ ಇಷ್ಟು ಸಾಕು. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ರೋಮಿನ ಅಧಿಕಾರಿ ಪಿಲಾತ ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36. ಆ ಅವಧಿಯಲ್ಲಿ ನಿಸಾನ್ 14 ಶುಕ್ರವಾರ ಬಿದ್ದಿರಬಹುದಾದ ದಿನಗಳನ್ನು ಹುಡುಕಿದಾಗ ಮುಖ್ಯವಾಗಿ ಎರಡು ಉಳಿಯುತ್ತವೆ: 30ರ ಏಪ್ರಿಲ್ 7, 33ರ ಏಪ್ರಿಲ್ 3. ಐಸಾಕ್ ನ್ಯೂಟನ್ ಕೂಡ ಈ ಲೆಕ್ಕಕ್ಕೆ ಕೈ ಹಾಕಿದ್ದ. ಅವನು ಒಲಿದದ್ದು 34ರ ಏಪ್ರಿಲ್ 23ಕ್ಕೆ. ಇವತ್ತು ಅದನ್ನು ಒಪ್ಪುವವರು ಕಡಿಮೆ.

ಇನ್ನು ಚಂದ್ರನ ತಕರಾರು. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಮ್ಮಿ. ಸುಮ್ನೆ ಬಿಟ್ಟರೆ ನಿಸಾನ್ ವರ್ಷ ವರ್ಷ ಹಿಂದೆ ಸರಿದು ಚಳಿಗಾಲಕ್ಕೆ ಹೋಗಿಬಿಡುತ್ತದೆ. ಹಾಗಾಗುವಂತಿರಲಿಲ್ಲ. ಪಸ್ಕದ ದಿನಗಳಲ್ಲಿ ಜೆರುಸಲೇಮಿನ ದೇವಾಲಯಕ್ಕೆ ಹೊಸ ಬಾರ್ಲಿಯ ಸಿವುಡು ಒಪ್ಪಿಸಬೇಕಿತ್ತು. ಹೊಲದಲ್ಲಿ ತೆನೆ ಬಲಿಯದಿದ್ದರೆ ಹಬ್ಬ ಮಾಡುವುದು ಹೇಗೆ? ಹಾಗಾಗಿ ಹಿರಿಯರು ಬೆಳೆ ನೋಡಿ, ಕಾಲ ನೋಡಿ, ಬೇಕಾದಾಗ ಒಂದು ತಿಂಗಳು ಜಾಸ್ತಿ ಸೇರಿಸುತ್ತಿದ್ದರು. ಹೊಸ ತಿಂಗಳು ಘೋಷಿಸಲೂ ಎಳೆಚಂದ್ರನನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕಿತ್ತು.

ಮುಂದೆ ಕಣ್ಣಿನ ಜಾಗಕ್ಕೆ ಗಣಿತ ಬಂತು. ಸೂರ್ಯನ 19 ವರ್ಷ ಅಂದರೆ ಸುಮಾರು 6939.6 ದಿನ. ಚಂದ್ರನ 235 ತಿಂಗಳು ಅಂದರೆ ಸುಮಾರು 6939.7 ದಿನ. ಎರಡಕ್ಕೂ ನಡುವೆ ಎರಡು ಗಂಟೆ ಅಂತರ, ಅಷ್ಟೇ! ಬಾಬಿಲೋನಿನವರಿಗೆ ಇದು ಮೊದಲೇ ಗೊತ್ತಿತ್ತು. 19 ವರ್ಷದಲ್ಲಿ 7 ಸಲ ತಿಂಗಳು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ನಮ್ಮ ಪಂಚಾಂಗದ ಅಧಿಕ ಮಾಸವೂ ಇದೇ ಜಾತಿಯದು. ನಮ್ಮಲ್ಲಿ ಅಧಿಕ ಮಾಸ ಬೇರೆ ಬೇರೆ ತಿಂಗಳಿಗೆ ಬರುತ್ತದೆ. ಯಹೂದಿಗಳಲ್ಲಿ ಯಾವಾಗಲೂ ನಿಸಾನಿಗೆ ಮೊದಲಿನ ಅದಾರ್ ತಿಂಗಳೇ ಎರಡಾಗುತ್ತದೆ.

ಮೊದಲ ಕ್ರೈಸ್ತರಲ್ಲಿ ಬಹಳ ಜನ ಯಹೂದಿಗಳೇ. ಅವರಿಗೆ ಬೇರೆ ಪಂಚಾಂಗ ಬೇಕಿರಲಿಲ್ಲ. ಏಷ್ಯಾ ಮೈನರ್‌ನ ಸಭೆಗಳು ವಾರ ಯಾವುದೇ ಇರಲಿ, ನಿಸಾನ್ 14ರಂದೇ ಹಬ್ಬ ಮಾಡುತ್ತಿದ್ದವು. ರೋಮಿನವರು ಭಾನುವಾರವೇ ಆಗಬೇಕು ಎಂದರು. ಏಷ್ಯಾ ಮೈನರ್‌ನ ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್ ಎರಡನೇ ಶತಮಾನದ ನಡುವೆ ರೋಮಿಗೇ ಹೋಗಿ ಅಲ್ಲಿನ ಬಿಷಪ್ ಜೊತೆ ಮಾತಾಡಿದ. ಇಬ್ಬರೂ ಪಟ್ಟು ಬಿಡಲಿಲ್ಲ, ಆದರೆ ಜಗಳವಿಲ್ಲದೆ ಬೀಳ್ಕೊಂಡರು. ಮುಂದಿನವರಲ್ಲಿ ಆ ತಾಳ್ಮೆ ಕಾಣುವುದಿಲ್ಲ. 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಸೇರಿತು. ಎಲ್ಲರೂ ಒಂದೇ ದಿನ ಹಬ್ಬ ಮಾಡಬೇಕು, ಯಹೂದಿಗಳ ಲೆಕ್ಕ ನೋಡಬಾರದು ಎಂದು ತೀರ್ಮಾನವಾಯಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ಬರೆದ ಪತ್ರದಲ್ಲಿ ಯಹೂದಿಗಳ ಬಗ್ಗೆ ಇರುವ ಕಹಿ ಮಾತುಗಳನ್ನು ಓದಿದರೆ ಇದು ಬರೀ ಪಂಚಾಂಗದ ವಿಷಯ ಅಲ್ಲ ಎಂದು ಗೊತ್ತಾಗುತ್ತದೆ.

ಆದರೆ ತಮಾಷೆ ನೋಡಿ. ಕೊನೆಗೆ ಚರ್ಚ್ ಅಪ್ಪಿಕೊಂಡದ್ದು ಅಲೆಕ್ಸಾಂಡ್ರಿಯಾದ ಕೋಷ್ಟಕವನ್ನು. ಅದರಲ್ಲೂ ಇದ್ದದ್ದು ಅದೇ 19 ವರ್ಷದ ಚಕ್ರ, ಅದೇ ವಸಂತದ ಹುಣ್ಣಿಮೆ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿ, ಅದರ ಮುಂದಿನ ಭಾನುವಾರ ಈಸ್ಟರ್. ಯಹೂದಿಗಳನ್ನು ಕೇಳುವುದು ನಿಂತಿತು, ಪಸ್ಕದ ಚಂದ್ರನನ್ನು ಹುಡುಕುವುದು ನಿಲ್ಲಲಿಲ್ಲ.

ಕೆಟ್ಟದ್ದು ಕ್ಯಾಲೆಂಡರ್. ರೋಮಿನ ಹಳೇ ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಉದ್ದ. 1582ರ ಹೊತ್ತಿಗೆ 10 ದಿನ ತಪ್ಪಿತ್ತು. ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಸಾರಿದರು. ಹೆಚ್ಚಿನ ಆರ್ಥೊಡಾಕ್ಸ್ ಸಭೆಗಳು ಈಸ್ಟರಿಗೆ ಇನ್ನೂ ಹಳೇ ಲೆಕ್ಕವನ್ನೇ ಇಟ್ಟುಕೊಂಡಿವೆ. 2024ರಲ್ಲಿ ಅವರ ಈಸ್ಟರ್ ಮೇ 5ಕ್ಕೆ ಬಂತು. ಮರುವರ್ಷ ಎರಡೂ ಏಪ್ರಿಲ್ 20ಕ್ಕೇ ಬಿದ್ದವು.

ಯಹೂದಿ ಲೆಕ್ಕವೂ ಜಾರುತ್ತದೆ, ಸರಾಸರಿ ವರ್ಷಕ್ಕೆ ಆರೂವರೆ ನಿಮಿಷದಷ್ಟು. ತಿದ್ದಲು ಎಲ್ಲರೂ ಒಪ್ಪುವ ಒಂದು ಪೀಠ ಈಗಿಲ್ಲ. ಶತಮಾನಗಳಲ್ಲಿ ಈ ನಿಮಿಷಗಳು ಕೂಡಿ ಪಸ್ಕ ನಿಧಾನಕ್ಕೆ ಮುಂದಕ್ಕೆ ಹೋಗಿದೆ. 2024ರ ಮಾರ್ಚ್ 25ರ ಹುಣ್ಣಿಮೆ ಚರ್ಚಿಗೆ ವಸಂತದ್ದು. ಯಹೂದಿಗಳಿಗೆ ಅದು ಎರಡನೇ ಅದಾರ್‌ನದ್ದು. 2027ರಲ್ಲೂ ಹೀಗೇ ಆಗಲಿದೆ: ಈಸ್ಟರ್ ಮಾರ್ಚ್ 28ಕ್ಕೆ, ಪಸ್ಕ ಏಪ್ರಿಲ್ ಮೂರನೇ ವಾರ ಕಳೆದ ಮೇಲೆ.

ಪೆಂತೆಕೋಸ್ತ್ ಹಬ್ಬದ್ದು ಸರಳ. ಬಾರ್ಲಿ ಒಪ್ಪಿಸಿದ ದಿನದಿಂದ 50 ದಿನ ಎಣಿಸಿದರೆ ಗೋಧಿ ಕೊಯ್ಲಿನ ವಾರಗಳ ಹಬ್ಬ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದದ್ದು ಆ ದಿನ ಎನ್ನುತ್ತದೆ ಬೈಬಲ್. ಊರೂರಿನ ಯಹೂದಿಗಳು ಜೆರುಸಲೇಮಿನಲ್ಲಿ ಸೇರಿದ್ದದ್ದು ಅದಕ್ಕೇ.

ಕ್ರಿಸ್ಮಸ್ ತಾರೀಕಿನ ಬಗ್ಗೆ ಒಮ್ಮತವಿಲ್ಲ. ರೋಮಿನ ಸೂರ್ಯನ ಹಬ್ಬದಿಂದ ಬಂತು ಎನ್ನುವವರಿದ್ದಾರೆ. ಕೆಲವು ಇತಿಹಾಸಕಾರರದು ಬೇರೆ ವಾದ. ಯೇಸು ಸತ್ತ ನಿಸಾನ್ 14ನ್ನು ರೋಮಿನ ಕ್ಯಾಲೆಂಡರಿಗೆ ಇಳಿಸಿದಾಗ ಪಶ್ಚಿಮದಲ್ಲಿ ಮಾರ್ಚ್ 25 ಎಂದರು, ಪೂರ್ವದಲ್ಲಿ ಏಪ್ರಿಲ್ 6. ಗರ್ಭಕ್ಕೆ ಬಂದದ್ದೂ ಅದೇ ತಾರೀಕು ಎಂದು ನಂಬಿ 9 ತಿಂಗಳು ಕೂಡಿಸಿದರೆ ಪಶ್ಚಿಮದವರು ಯೇಸುವಿನ ಹುಟ್ಟುಹಬ್ಬ ಮಾಡುವ ಡಿಸೆಂಬರ್ 25, ಪೂರ್ವದವರು ಹಿಂದೆ ಮಾಡುತ್ತಿದ್ದ ಜನವರಿ 6. ನನಗೆ ಈ ವಾದ ಹಿಡಿಸುತ್ತದೆ, ಎರಡೂ ತಾರೀಕುಗಳನ್ನು ಒಟ್ಟಿಗೆ ವಿವರಿಸುತ್ತದಲ್ಲ! ಗಂಡುಮಗು ಹುಟ್ಟಿದರೆ ತಾಯಿ 40 ದಿನದ ಮೇಲೆ ದೇವಾಲಯಕ್ಕೆ ಬರಬೇಕು ಎನ್ನುವುದು ಮೋಶೆಯ ಕಟ್ಟಳೆ. ಅದರಂತೆ ಡಿಸೆಂಬರ್ 25ರಿಂದ ಎಣಿಸಿ ಕಥೋಲಿಕರು ಬಾಲ ಯೇಸುವನ್ನು ದೇವಾಲಯದಲ್ಲಿ ಒಪ್ಪಿಸಿದ ಹಬ್ಬವನ್ನು ಫೆಬ್ರವರಿ 2ಕ್ಕೆ ಮಾಡುತ್ತಾರೆ. ಅರ್ಮೇನಿಯಾದವರು ಜನವರಿ 6ರಿಂದ ಎಣಿಸಿ ಫೆಬ್ರವರಿ 14ಕ್ಕೆ ಮಾಡುತ್ತಾರೆ.